ಬೆಳಕು ಹರಿಯುವುದರೊಳಗೆ ಕುರಿ ಹಟ್ಟಿಗೆ

ಕಾರಟಗಿಯಲ್ಲಿ ನನ್ನದು ಗೊಬ್ಬರದ ಅಂಗಡಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ನಾಲ್ಕು ಎಕರೆ ಗದ್ದೆಯೂ ಇದೆ. ಭತ್ತ ಕೊಯ್ದ ಮೇಲೆ ಪ್ರತಿ ವರ್ಷ ಗೊಬ್ಬರಕ್ಕೆ ಅಂತ ಗದ್ದೆಯಲ್ಲಿ ಊರೂರು ತಿರುಗುವ ಕುರುಬರ ಕುರಿ ನಿಲ್ಲಿಸುತ್ತೇವೆ. ಕುರಿ ನಿಂತ ಗದ್ದೆಯ ಬೆಳೆಯೇ ಬೇರೆ.

ನಾಲ್ಕು ವರ್ಷದ ಹಿಂದೆ ಹಾಗೆ ನಿಂತ ಮಂದೆಗೆ ಹಿರೇಬೇನೆ ಬಂತು. ಡಾಕ್ಟರು ಪಿಪಿಆರ್ ಅಂತಾರಲ್ಲ, ಅದೇ. ಮೂಗಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ಹತ್ತು ದಿನದಲ್ಲಿ 23 ಕುರಿ ಹೋದವು. ಆ ಕುರುಬರ ಮನೆಯ ಅಕ್ಕ ಸತ್ತ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಮ್ಮ ಬದುವಿನ ಮೇಲೆ ಸುಮ್ನೆ ಕೂತಿದ್ದರು. ನಮ್ಮ ಹೊಲಕ್ಕೆ ಒಳ್ಳೇದು ಮಾಡಲು ಬಂದವರು ಅವರು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈ ರೋಗಕ್ಕೆ ಲಸಿಕೆ ಇದೆ. ಸರ್ಕಾರ ಪುಕ್ಕಟೆ ಹಾಕುತ್ತದೆ. ಒಮ್ಮೆ ಹಾಕಿದರೆ ಮೂರು ವರ್ಷ ಚಿಂತೆ ಇಲ್ಲ. ಆದರೂ ಇವರಿಗೆ ಸಿಕ್ಕಿರಲಿಲ್ಲ. ಅವರ ಊರಲ್ಲಿ ಲಸಿಕೆ ಹಾಕುವಾಗ ಇವರು ನಮ್ಮ ಕಡೆ ಇರುತ್ತಾರೆ. ನಮ್ಮ ಕಡೆ ಹಾಕುವಾಗ ಇನ್ನೆಲ್ಲೋ.

ಇಂಥ ಮಂದೆಗಳಿಗೆ ಲಸಿಕೆ ಹಾಕಿಸೋಣ ಅಂತ ಅಂಗಡಿಗೆ ಬರುವ ರೈತರನ್ನು, ರೈಸ್ ಮಿಲ್‌ನವರನ್ನು ಕೇಳಿ ಸ್ವಲ್ಪ ದುಡ್ಡು ಕೂಡಿಸಿದೆ. ಒಬ್ಬ ಪಶುವೈದ್ಯರು ರಜೆಯ ದಿನ ಬರಲು ಒಪ್ಪಿದರು. ಗುಡಿ ಮುಂದೆ ಶಾಮಿಯಾನ, ಬ್ಯಾನರ್, ಬೆಳಿಗ್ಗೆ 11ಕ್ಕೆ ಶಿಬಿರ. ಎಮ್ಮೆ ಬಂದವು, ಆಕಳು ಬಂದವು. ಒಂದು ಮಂದೆಯೂ ಬರಲಿಲ್ಲ. ಸಂಜೆ ಕುರುಬರು ಬೀಡುಬಿಟ್ಟ ಹಟ್ಟಿಗೆ ಹೋಗಿ ಕೇಳಿದರೆ ಅಲ್ಲಿನ ಹಿರಿಯರು ಹೇಳಿದರು: "ಹನ್ನೊಂದಕ್ಕ ಕುರಿ ಎಲ್ಲಿ ಇರ್ತಾವ ತಮ್ಮಾ? ಮೇಯಾಕ ಹೋಗಿರ್ತಾವ. ನೀವ ಹಟ್ಟಿಗೆ ಬರ್ರಿ, ಬೆಳಕು ಹರಿಯೂದ್ರೊಳಗ."

ಅವತ್ತಿನಿಂದ ಶಾಮಿಯಾನ ಬಿಟ್ಟೆವು. ಈಗ ನಸುಕಿನ ನಾಲ್ಕೂವರೆಗೆ ಹೊರಡುತ್ತೇವೆ. ಆ ಹೊತ್ತಿಗೆ ಕುರಿಗಳು ರಾತ್ರಿ ಸುತ್ತ ಕಟ್ಟಿದ ಬಲೆಯೊಳಗೇ ಇರುತ್ತವೆ, ಹಿಡಿಯುವುದು ಸುಲಭ. ಬಿಸಿಲೂ ಇರುವುದಿಲ್ಲ. ಲಸಿಕೆಗೆ ಅದೇ ಬೇಕು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಪುಡಿಗೆ ಲಸಿಕೆಯ ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎರಡನೇ ಸಲ ನಾವು ಐಸ್ ಕಡಿಮೆ ತಂದಿದ್ದೆವು. ದಾರಿಯಲ್ಲಿ ಆಟೋ ಕೆಟ್ಟು ನಿಂತಿತು. ಡಬ್ಬಿ ಮುಚ್ಚಳ ತೆಗೆದಾಗ ಒಳಗೆ ಬರೀ ನೀರು. ಡಾಕ್ಟರು ಅಷ್ಟೂ ಲಸಿಕೆ ಪಕ್ಕಕ್ಕಿಟ್ಟರು. ಸುಮ್ನೆ ಚುಚ್ಚಿ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಂದೆ ರೋಗ ಬಂದಾಗ ಲಸಿಕೆ ಮೇಲಿನ ನಂಬಿಕೆಯೇ ಹೋಗುತ್ತಿತ್ತು. ಈಗ ಕೂಡಿದ ದುಡ್ಡಿನಲ್ಲಿ ಜಾಸ್ತಿ ಖರ್ಚಾಗುವುದು ಐಸ್ ಮತ್ತು ಡೀಸೆಲ್‌ಗೇ. ದಾನ ಕೊಟ್ಟವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ಮಾತು. ಲಸಿಕೆಯ ಜೊತೆ ಜಂತುಹುಳದ ಔಷಧಿಯನ್ನೂ ಕುಡಿಸುತ್ತೇವೆ. ದಯವಿಟ್ಟು ಔಷಧಿ ಕೊಂಡು ತಂದು ಕೊಡಬೇಡಿ. ಶುರುವಿನಲ್ಲಿ ಒಬ್ಬೊಬ್ಬರು ಒಂದೊಂದು ಜಂತಿನ ಔಷಧಿ ತಂದರು. ಮನಸ್ಸು ಒಳ್ಳೆಯದೇ. ಆದರೆ ನಮ್ಮ ಗದ್ದೆ ಬಯಲಿನ ಕಾಟ ಬೇರೆ. ನೀರು ನಿಲ್ಲುವ ಕಡೆ ಬಸವನಹುಳು ಇರುತ್ತದೆ, ಅದರಿಂದ ಕುರಿಯ ಪಿತ್ತಜನಕಾಂಗಕ್ಕೆ ಎಲೆಯಂಥ ಚಪ್ಪಟೆ ಹುಳ ಸೇರುತ್ತದೆ. ಫೆನ್‌ಬೆಂಡಜೋಲ್ ಅದಕ್ಕೆ ಕೆಲಸ ಮಾಡುವುದಿಲ್ಲ, ಆಕ್ಸಿಕ್ಲೋಜನೈಡ್‌ನಂಥದ್ದು ಬೇಕು. ಆಲ್‌ಬೆಂಡಜೋಲನ್ನು ಹೊಸದಾಗಿ ಗಬ್ಬ ಆದ ಕುರಿಗೆ ಕೊಡಬಾರದು. ಇದನ್ನೆಲ್ಲ ಡಾಕ್ಟರು ಹೇಳಬೇಕು, ನಾವಲ್ಲ. ಅವರು ಚೀಟಿ ಬರೆಯುತ್ತಾರೆ, ನಾವು ಅದರಂತೆ ತರುತ್ತೇವೆ.

ನಾನು ಕಲಿತ ಕೆಲಸ ಕಣ್ಣು ನೋಡುವುದು. ಕುರಿಯ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದರೆ ಒಳಗೆ ಕೆಂಪಗೆ ಕಾಣಬೇಕು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಹುಳ ರಕ್ತ ಕುಡಿದಿದೆ ಅಂತ. ಕೆಲವಕ್ಕೆ ಗದ್ದದ ಕೆಳಗೆ ಮುಟ್ಟಿದರೆ ನೀರು ತುಂಬಿದ ಚೀಲದಂತೆ ಮೆತ್ತಗೆ ಬಾವು ಇರುತ್ತದೆ. ಅಂಥವನ್ನು ಬೇರೆ ನಿಲ್ಲಿಸಿ ಡಾಕ್ಟರಿಗೆ ತೋರಿಸುತ್ತೇನೆ. ಔಷಧಿ ಕುಡಿಸುವಾಗ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿಯಬಾರದು. ಹಾಗೆ ಮಾಡಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಕುರಿ ಸಾಯಲೂಬಹುದು. ಮುಖ ನೆಲಕ್ಕೆ ಸಮವಾಗಿರಲಿ, ಬಾಯಿಯ ಮೂಲೆಯಿಂದ ಸ್ವಲ್ಪ ಸ್ವಲ್ಪ ಬಿಡಿ, ನುಂಗಲು ಹೊತ್ತು ಕೊಡಿ. ಕುಡಿಸಿದ ಕುರಿಯ ತಲೆಗೆ ಬಣ್ಣ ಹಚ್ಚುತ್ತೇವೆ, ಇಲ್ಲದಿದ್ದರೆ ಅದೇ ಕುರಿ ಎರಡು ಸಲ ಬರುತ್ತದೆ.

"ಸೂಜಿ ಹಾಕಿದ್ರ ಕಂದು ಹಾಕ್ತಾವ್ರಿ", ಅಂದರೆ ಗಬ್ಬ ಹೋಗುತ್ತದೆ ಅಂತ ಕೆಲವರು ಹೆದರುತ್ತಾರೆ. ಅವರ ಜೊತೆ ವಾದ ಮಾಡುವುದಿಲ್ಲ. ಚಹಾ ಕುಡಿಯುತ್ತಾ ಕೂತು, ಹೋದ ವರ್ಷ ಹಾಕಿಸಿದವರಿಗೆ ಫೋನ್ ಹಚ್ಚಿ ಕೊಡುತ್ತೇನೆ. ಕುರುಬರ ಮಾತನ್ನು ಕುರುಬರು ಕೇಳುತ್ತಾರೆ, ಅಲ್ವಾ?

ಉಳಿದ ತೊಂದರೆ ಮರಿಗಳದ್ದು. ಮೂರು ತಿಂಗಳು ತುಂಬದ ಮರಿಗೆ ಈ ಲಸಿಕೆ ಹಾಕುವುದಿಲ್ಲ. ಮೂರು ತಿಂಗಳು ಆಗುವಷ್ಟರಲ್ಲಿ ಮಂದೆ ಮುಂದಕ್ಕೆ ಹೋಗಿರುತ್ತದೆ. ಅದಕ್ಕೇ ಒಂದು ಚೀಟಿ ಮಾಡಿದ್ದೇವೆ. ಯಾವ ದಿನ ಯಾವ ಲಸಿಕೆ, ಎಷ್ಟು ಕುರಿ, ಎಷ್ಟು ಮರಿ ಬಾಕಿ, ಕೆಳಗೆ ನನ್ನ ನಂಬರ್. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹಾಕಿಸಿ ಕೊಡುತ್ತೇವೆ. ಮುಂದಿನ ಊರಲ್ಲಿ ಅಲ್ಲಿನ ಡಾಕ್ಟರಿಗೆ ತೋರಿಸಿದರೆ ಸಾಕು.

ಹೋದ ತಿಂಗಳು ಸಿಂಧನೂರು ಕಡೆಯಿಂದ ಒಬ್ಬ ಡಾಕ್ಟರು ಫೋನ್ ಮಾಡಿದರು. "ಚೀಟಿಯಲ್ಲಿ 41 ಮರಿ ಬಾಕಿ ಅಂತಿದೆ. 39ಕ್ಕೆ ಹಾಕಿದ್ದೇನೆ. ಎರಡನ್ನು ಸಂತೆಯಲ್ಲಿ ಮಾರಿದ್ದಾರಂತೆ, ಬರೆದುಕೊಳ್ಳಿ" ಅಂದರು. ಅಂಗಡಿ ಪುಸ್ತಕದಲ್ಲಿ ಬರೆದುಕೊಂಡೆ.