ದೇಗುಲದ ಬಾಗಿಲು ಮುಚ್ಚಿದಾಗಲೂ: ಸಾಮೂಹಿಕ ಸಂಕಟದಲ್ಲಿ ನಂಬಿಕೆಯನ್ನು ಆಸರೆಯಾಗಿಸಿಕೊಳ್ಳುವ ಬಗೆ

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಆರಂಭವಾದ ದಿನವೇ ಯುಗಾದಿಯಾಗಿತ್ತು. ಪಂಚಾಂಗ ಶ್ರವಣಕ್ಕೆ ಜನ ಸೇರುವಂತಿರಲಿಲ್ಲ. ಮುಂದಿನ ವಾರಗಳಲ್ಲಿ ಈಸ್ಟರ್ ಬಂದಾಗ ಚರ್ಚುಗಳು ಖಾಲಿಯಿದ್ದವು, ರಂಜಾನಿನ ರಾತ್ರಿಗಳ ವಿಶೇಷ ಪ್ರಾರ್ಥನೆಯಾದ ತರಾವೀಹ್ ನಮಾಜನ್ನು ಮನೆಗಳಲ್ಲೇ ಮಾಡಬೇಕಾಯಿತು. ಕೊರೊನಾದಂತಹ ಪಿಡುಗಾಗಲಿ, ನೆರೆ, ಭೂಕುಸಿತಗಳಾಗಲಿ, ಇಡೀ ಊರನ್ನೇ ಆವರಿಸುವ ಸಂಕಟವು ಮನುಷ್ಯನಿಗೆ ದೇವರ ನೆನಪು ಹೆಚ್ಚಾಗುವ ಹೊತ್ತಿನಲ್ಲೇ ದೇವರ ಮುಂದೆ ಎಲ್ಲರೂ ಕೂಡುವ ದಾರಿಯನ್ನು ಮುಚ್ಚಿಬಿಡುತ್ತದೆ. ಅಂತಹ ಸಮಯದಲ್ಲಿ ನಂಬಿಕೆಯು ಬಲ ಕೊಡಬೇಕಾದರೆ ಅದು ಮನಸ್ಸಿನ ಭಾವವಾಗಿ ಮಾತ್ರ ಉಳಿಯದೆ, ದಿನವೂ ಕೈಯಿಂದ ನಡೆಯುವ ಕೆಲಸವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಮುಂಜಾನೆ ಮೊಬೈಲ್ ಕೈಗೆತ್ತಿಕೊಳ್ಳುವ ಮುನ್ನ ಹತ್ತು ನಿಮಿಷ, ಸಂಜೆ ದೀಪ ಹಚ್ಚುವಾಗ ಹತ್ತು ನಿಮಿಷ ಸಾಕು. ದುಃಖದ ದಿನಗಳಲ್ಲಿ ದೊಡ್ಡ ಸಂಕಲ್ಪಗಳು ಬಹುಬೇಗ ಮುರಿಯುತ್ತವೆ, ಮುರಿದಾಗ ಅಪರಾಧಿ ಭಾವವೂ ಸೇರಿಕೊಳ್ಳುತ್ತದೆ. ಆದ್ದರಿಂದ ಜ್ವರ ಬಂದ ದಿನವೂ ಮಾಡಬಲ್ಲಷ್ಟು ಚಿಕ್ಕದಾದ ನೇಮವನ್ನೇ ಆರಿಸಿಕೊಳ್ಳಿ. ಹೂವು ಸಿಗಲಿಲ್ಲ, ಕಾಯಿ ಸಿಗಲಿಲ್ಲ ಎಂದು ಪೂಜೆ ನಿಲ್ಲಿಸಬೇಕಾಗಿಲ್ಲ. ದೇವರಿಗೆ ಹದಿನಾರು ಬಗೆಯ ಉಪಚಾರ ಸಲ್ಲಿಸುವ ನಮ್ಮ ಮನೆಗಳ ಷೋಡಶೋಪಚಾರ ಪೂಜೆಯಲ್ಲಿ ವಸ್ತ್ರವಿಲ್ಲದಿದ್ದರೆ, ಆಭರಣವಿಲ್ಲದಿದ್ದರೆ ಅದರ ಹೆಸರು ಹೇಳಿ ‘ಅಕ್ಷತಾನ್ ಸಮರ್ಪಯಾಮಿ’ ಎಂದು ನಾಲ್ಕು ಕಾಳು ಅಕ್ಷತೆ ಹಾಕುವುದು ಹಿಂದಿನಿಂದ ಬಂದ ರೂಢಿ. ಇಲ್ಲದಿರುವಿಕೆಯನ್ನು ಪೂಜೆಯೊಳಗೇ ಸೇರಿಸಿಕೊಂಡ ಈ ಏರ್ಪಾಡು ಅಭಾವದ ಕಾಲದವರಿಗೆ ಎಷ್ಟು ದೊಡ್ಡ ಸಮಾಧಾನ!

ಪ್ರಾರ್ಥನೆಯಲ್ಲಿ ಏನನ್ನು ಕೇಳುತ್ತೀರಿ ಎಂಬುದನ್ನೂ ಗಮನಿಸಿ. ನಮ್ಮ ಮನೆಗೆ ಮಾತ್ರ ಏನೂ ಆಗದಿರಲಿ ಎಂಬ ಬೇಡಿಕೆ ಸಹಜವಾದದ್ದೇ. ಆದರೆ ನಂಬಿಕೆಯೆಲ್ಲ ಅದೊಂದರ ಮೇಲೆಯೇ ನಿಂತರೆ, ಏನಾದರೂ ಆದ ದಿನ ಅದೂ ಕುಸಿಯುತ್ತದೆ. ಇವತ್ತಿನ ಕೆಲಸಕ್ಕೆ ಬೇಕಾದ ಧೈರ್ಯವನ್ನು ಕೇಳಿ, ಆಸ್ಪತ್ರೆಯಲ್ಲಿರುವ ನೆರೆಮನೆಯವರನ್ನು ನೆನೆಯಿರಿ. ರೋಗ ಬಂದವರಿಗೆ ಅದು ಪಾಪದ ಫಲವೆಂದು ಹೇಳುವವರ ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನೊಂದವರ ಮುಂದೆ ಅದಕ್ಕಿಂತ ಕ್ರೂರವಾದ ಮಾತಿಲ್ಲ.

ಹಾಗೆಯೇ, ದೇವರನ್ನು ನಂಬಿದವರಿಗೆ ಲಸಿಕೆ, ಔಷಧಿಗಳ ಅಗತ್ಯವಿಲ್ಲ ಎಂಬ ವಾದಕ್ಕೆ ನಮ್ಮ ಪರಂಪರೆಗಳಲ್ಲಿ ಆಧಾರವಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಕಾಲದ ನಮ್ಮ ಹಿರಿಯರು ಮಾರಮ್ಮನಿಗೆ ಹರಕೆ ಹೊತ್ತರು, ಜೊತೆಗೇ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಉಳಿದರು. ಪಿಡುಗು ಹಬ್ಬಿದ ಊರಿಗೆ ಹೋಗಬೇಡಿ, ಅಲ್ಲಿರುವವರು ಅಲ್ಲಿಂದ ಹೊರಡಬೇಡಿ ಎಂದು ಪ್ರವಾದಿ ಮುಹಮ್ಮದರ ಹದೀಸ್ (ಅವರ ನುಡಿಯೆಂದು ದಾಖಲಾದ ಮಾತು) ಹೇಳುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ, ಅಂದರೆ ಆಪತ್ತಿನ ಕಾಲದ ನಡವಳಿಕೆಗೆಂದೇ, ಒಂದು ಭಾಗವಿದೆ. ವಿಪತ್ತಿನಲ್ಲಿ ಆಚರಣೆಯನ್ನು ಸಡಿಲಿಸುವುದು ಧರ್ಮಲೋಪವೆಂದು ಕೊರಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಸಾವಿನ ದುಃಖ. 2021ರ ಎರಡನೇ ಅಲೆಯಲ್ಲಿ ಎಷ್ಟೋ ಮಕ್ಕಳು ತಂದೆತಾಯಿಯ ಮುಖವನ್ನು ಕೊನೆಯ ಬಾರಿ ನೋಡಲಾಗಲಿಲ್ಲ, ಬಾಯಿಗೆ ತುಳಸಿ ನೀರು ಬಿಡಲಾಗಲಿಲ್ಲ. ಯಾರೂ ಬಂದು ಪಡೆಯದ ಚಿತಾಭಸ್ಮವನ್ನು ಆ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಧಿಪೂರ್ವಕವಾಗಿ ವಿಸರ್ಜಿಸಿತು. ಅಂತಹ ನೋವು ಎದೆಯಲ್ಲಿ ಇನ್ನೂ ಉಳಿದಿದ್ದರೆ, ಕಾಲ ಮೀರಿತೆಂದು ಕೈಬಿಡಬೇಡಿ. ಶರೀರ ಸಿಗದಿದ್ದಾಗ ದರ್ಭೆಯಿಂದ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಿಯಿದೆ, ಮಹಾಲಯ ಪಕ್ಷದಲ್ಲಿ ಪ್ರತಿವರ್ಷ ತರ್ಪಣ ಬಿಡಲು ಅವಕಾಶವಿದೆ. ನಿಮ್ಮ ಮನೆಯ ಪುರೋಹಿತರನ್ನು ಸಂಕೋಚವಿಲ್ಲದೆ ಕೇಳಿ. ಕರಾವಳಿಯ ಶಾಫಿ ಪಂಥದ ಮುಸ್ಲಿಮರಲ್ಲಿ ದೂರದಲ್ಲಿ ತೀರಿಕೊಂಡವರಿಗಾಗಿ ಮಯ್ಯಿತ್ ನಮಾಜ್ (ಮೃತರಿಗಾಗಿ ಮಾಡುವ ಪ್ರಾರ್ಥನೆ) ಮಾಡುವ ಪದ್ಧತಿಯಿದೆ, ಕ್ಯಾಥೊಲಿಕರು ವರ್ಷದ ಬಹುತೇಕ ಯಾವ ದಿನವಾದರೂ ಅಗಲಿದವರ ಆತ್ಮಶಾಂತಿಗಾಗಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಹೇಳಿಸಬಹುದು. ಇವು ಯಾವುದೂ ಬೇಡವೆನಿಸಿದರೆ ಅವರ ಇಷ್ಟದ ಅಡುಗೆ ಮಾಡಿ, ಮನೆಯವರೆಲ್ಲ ಕುಳಿತು ಅವರ ಬಗ್ಗೆ ಒಬ್ಬೊಬ್ಬರೂ ಮಾತನಾಡಿ, ಆ ಊಟವನ್ನು ಹಸಿದವರೊಬ್ಬರಿಗೆ ಬಡಿಸಿ.

ಬಡಿಸುವ ಮಾತು ಬಂದದ್ದರಿಂದ ಸೇವೆಯ ಬಗ್ಗೆ ಹೇಳಲೇಬೇಕು. ಕಲ್ಕತ್ತಕ್ಕೆ ಪ್ಲೇಗ್ ತಗುಲಿದಾಗ, ಹಣವಿಲ್ಲದಿದ್ದರೆ ಮಠಕ್ಕೆಂದು ಆಗಷ್ಟೇ ಕೊಂಡ ಜಮೀನನ್ನೇ ಮಾರಿಬಿಡೋಣ ಎಂದು ಸ್ವಾಮಿ ವಿವೇಕಾನಂದರು ಸಿದ್ಧರಾಗಿದ್ದರು. 1899ರಲ್ಲಿ ಅವರ ಶಿಷ್ಯೆ ಸೋದರಿ ನಿವೇದಿತಾ ತಾವೇ ಪೊರಕೆ ಹಿಡಿದು ಅಲ್ಲಿನ ಬೀದಿಯನ್ನು ಗುಡಿಸಿದರು. ಕೊರೊನಾ ಕಾಲದ ಬೆಂಗಳೂರಿನಲ್ಲಿ ಮುಸ್ಲಿಂ ಸ್ವಯಂಸೇವಕರು ಅನ್ಯಧರ್ಮೀಯರ ಶವಗಳನ್ನೂ ಅವರವರ ಪದ್ಧತಿಯಂತೆ ಗೌರವದಿಂದ ಕಳುಹಿಸಿಕೊಟ್ಟರು. ನಿಮ್ಮಿಂದ ಅಷ್ಟು ಆಗಬೇಕೆಂದಿಲ್ಲ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಒಬ್ಬ ಹಿರಿಯರನ್ನು ಗೊತ್ತುಮಾಡಿಕೊಂಡು, ದಿನವೂ ಅದೇ ಹೊತ್ತಿಗೆ ಫೋನ್ ಮಾಡಿ, ಮಾತ್ರೆ ಮುಗಿದಿದೆಯೇ, ಊಟವಾಯಿತೇ ಎಂದು ವಿಚಾರಿಸಿ. ಭಯದಿಂದ ಮುದುಡಿದ ಮನಸ್ಸು ಇನ್ನೊಬ್ಬರ ಅಗತ್ಯದ ಕಡೆಗೆ ತಿರುಗಿದಾಗ ಪಡೆಯುವ ಗಟ್ಟಿತನ ಬರೀ ಜಪದಿಂದ ಬರುವುದಿಲ್ಲ.

ಕೊನೆಯದಾಗಿ, ಪ್ರಾರ್ಥಿಸಲು ಮನಸ್ಸೇ ಬಾರದ ದಿನಗಳೂ ಇರುತ್ತವೆ. ಅದಕ್ಕಾಗಿ ನಿಮ್ಮನ್ನು ನೀವು ದಂಡಿಸಿಕೊಳ್ಳಬೇಡಿ. ನಿಮ್ಮ ಪರವಾಗಿ ಪ್ರಾರ್ಥಿಸುವಂತೆ ಆಪ್ತರೊಬ್ಬರಿಗೆ ಹೇಳಿ, ನೀವು ಸುಮ್ಮನೆ ದೀಪದ ಮುಂದೆ ಕುಳಿತಿರಿ. ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಅದನ್ನು ಭಕ್ತಿಯ ಕೊರತೆಯೆಂದು ಮುಚ್ಚಿಡದೆ ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.