ಬೇಸಿಗೆಯಲ್ಲೇ ಬರೆದಿಟ್ಟ ಫಿಲ್ಟರ್

ಶಿವಮೊಗ್ಗದ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ರೂಟರ್ ನೋಡಿಕೊಳ್ಳೋದು ನನ್ನ ಕೆಲಸ. ಆಷಾಢದ ಗಾಳಿಗೆ ಮರ ಬಿದ್ದು ಫೈಬರ್ ಕಡಿಯೋದು ನಮ್ಮಲ್ಲಿ ಸುದ್ದಿಯೇ ಅಲ್ಲ. ಆದರೆ ಒಂದು ಸಲ ಮರಕ್ಕಿಂತ ದೊಡ್ಡ ಅವಾಂತರ ನಾನೇ ಮಾಡಿದ್ದೆ.

ನಮಗೆ ಇಂಟರ್ನೆಟ್ ತರುವ ಎರಡು ಅಪ್‌ಸ್ಟ್ರೀಮ್ ಲಿಂಕ್‌ಗಳಲ್ಲಿ ಒಂದು ಕಡಿದಿತ್ತು, ಇನ್ನೊಂದು ತುಂಬಿ ತುಳುಕುತ್ತಿತ್ತು. ಅಡಿಕೆ ಮಂಡಿಯವರ ಫೋನ್ ಮೇಲೆ ಫೋನ್. ಪರಿಚಯದ ಕಂಪನಿಯೊಂದು ಎರವಲು ಲಿಂಕ್ ಕೊಟ್ಟಿತು. ಗಡಿಬಿಡಿಯಲ್ಲಿ ಬಿಜಿಪಿ ಸೆಷನ್ (ಎರಡು ಕಂಪನಿಗಳ ರೂಟರ್‌ಗಳು ಒಂದಕ್ಕೊಂದು ದಾರಿ, ಅಂದರೆ ರೂಟ್, ಹೇಳಿಕೊಳ್ಳುವ ಸಂಪರ್ಕ) ಏರಿಸಿದೆ, ಯಾವ ರೂಟ್ ಹೊರಗೆ ಹೋಗಬೇಕು ಅಂತ ಸೋಸುವ ಫಿಲ್ಟರ್, ಅಂದರೆ ಎಕ್ಸ್‌ಪೋರ್ಟ್ ಪಾಲಿಸಿ, ಹಾಕಲು ಮರೆತೆ. ಪಾಲಿಸಿ ಹೇಳದಿದ್ದರೆ ನಮ್ಮ ರೂಟರ್ ಬಿಜಿಪಿಯಲ್ಲಿ ಕಲಿತದ್ದನ್ನೆಲ್ಲ ಪಕ್ಕದವರಿಗೆ ಸಾರುತ್ತದೆ. ಲಕ್ಷಗಟ್ಟಲೆ ರೂಟ್! ಇಡೀ ಜಗತ್ತಿಗೆ ನಮ್ಮ ಅಂಗಳದಲ್ಲೇ ದಾರಿ ಅಂತ ಬೋರ್ಡ್ ಹಾಕಿದ ಹಾಗಾಯ್ತು. ಪುಣ್ಯಕ್ಕೆ ಅವರು ಇಷ್ಟೇ ರೂಟ್ ಒಪ್ಪುತ್ತೇವೆ ಅನ್ನುವ ಮ್ಯಾಕ್ಸ್ ಪ್ರಿಫಿಕ್ಸ್ ಮಿತಿ ಇಟ್ಟಿದ್ದರು, ಸೆಷನ್ ತಾನಾಗೇ ಬಿತ್ತು. ಪಾಲಿಸಿ ಇಲ್ಲದೆ ಏನನ್ನೂ ಕಳಿಸಬಾರದು ಅಂತ 2017ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 8212 ಹೇಳುತ್ತದೆ. ನಾನು ಅದನ್ನು ಓದಿದ್ದೆ ಕೂಡ!

ಈಗ ಕಟ್ಟಿಗೆ, ಹಪ್ಪಳದ ಜೊತೆ ಫಿಲ್ಟರೂ ಬೇಸಿಗೆಯಲ್ಲೇ ತಯಾರಾಗುತ್ತದೆ. ಎರವಲು ಲಿಂಕಿನ ಸೆಷನ್ನನ್ನು ಪಾಲಿಸಿ ಸಮೇತ ಬರೆದು ಡಿಆಕ್ಟಿವೇಟ್ ಮಾಡಿಟ್ಟಿರುತ್ತೇನೆ. ಹೋಗುವುದು ನಮ್ಮ ಐಪಿ ವಿಳಾಸಗಳ ಗುಂಪಾದ /22 ಮತ್ತು ಅದರ ಕಾಲು ಭಾಗಗಳಾದ ನಾಲ್ಕು /24 ಮಾತ್ರ. ಬರುವುದು ‘ಬೇರೆ ದಾರಿ ಗೊತ್ತಿಲ್ಲದ್ದೆಲ್ಲ ಈ ಕಡೆ ಕಳಿಸು’ ಅನ್ನುವ ಡಿಫಾಲ್ಟ್ ರೂಟ್ ಒಂದೇ. ಡೌನ್‌ಲೋಡ್ ಭಾರ ಇಳಿಯೋದು ನಾವು ಕಳಿಸುವ ರೂಟಿನಿಂದ, ಹಾಗಾಗಿ ತುರ್ತಿಗೆ ಅಷ್ಟು ಸಾಕು.

ಜಾಸ್ತಿ ಜನ ಮರೆಯೋದು ಆಚೆ ಕಡೆಯ ಫಿಲ್ಟರ್. ಅವರೂ ನಮ್ಮ ರೂಟ್ ಒಪ್ಪಬೇಕಲ್ವಾ? ರೂಟ್‌ಗಳ ಸಾರ್ವಜನಿಕ ದಾಖಲೆಯಾದ ಐಆರ್‌ಆರ್‌ನಲ್ಲಿ ನಮ್ಮ ನಮೂದು, ಅಂದರೆ ರೂಟ್ ಆಬ್ಜೆಕ್ಟ್, ಮೊದಲೇ ಇರಬೇಕು. ಯಾವ ವಿಳಾಸವನ್ನು ಯಾವ ನೆಟ್‌ವರ್ಕ್ ಸಾರಬಹುದು ಅಂತ ಹೇಳುವ ಸಹಿ ಹಾಕಿದ ದಾಖಲೆ ಆರ್‌ಒಎ. ಅದನ್ನು ಬರೀ /22ಕ್ಕೆ ಮಾಡಿಸಿ ಸುಮ್ನೆ ಕೂತರೆ, ಪರೀಕ್ಷಿಸುವವರ ಹತ್ತಿರ ನಮ್ಮ /24ಗಳು ಇನ್‌ವ್ಯಾಲಿಡ್ ಆಗಿ ಬಿದ್ದುಹೋಗುತ್ತವೆ. ರಾತ್ರಿ ಎರಡು ಗಂಟೆಗೆ ಎದ್ದು ಸರಿ ಮಾಡಿದರೂ ಅದು ಎಲ್ಲ ಕಡೆ ತಲುಪಲು ಹೊತ್ತು ಹಿಡಿಯುತ್ತದೆ.

ಇನ್ನು ಬದಲಾವಣೆ ಜಾರಿ ಮಾಡುವಾಗ ರೂಟರಿಗೆ ಕೊಡುವ ಆಜ್ಞೆ, ‘ಕಮಿಟ್ ಕನ್ಫರ್ಮ್ಡ್ 5’. ಐದು ನಿಮಿಷದೊಳಗೆ ಮತ್ತೆ ಕಮಿಟ್ ಕೊಡದಿದ್ದರೆ ಹಳೇ ಕಾನ್ಫಿಗರೇಷನ್ ತಾನಾಗೇ ವಾಪಸ್. ನಮ್ಮನ್ನು ನಾವೇ ಹೊರಗೆ ಹಾಕಿ ಬಾಗಿಲು ಹಾಕಿಕೊಂಡರೂ ಮತ್ತೆ ತೆರೆಯುತ್ತದೆ. ರ‍್ಯಾಕ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: ‘ಕಳಿಸುತ್ತಿರುವ ರೂಟ್ ಎಣಿಸು. 5 ಇರಬೇಕು. 6 ಕಂಡರೂ ಕನ್ಫರ್ಮ್ ಮಾಡಬೇಡ.’

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಮತ್ತೆ ಫೈಬರ್ ಕಡಿಯಿತು. ನಾನು ತೋಟಕ್ಕೆ ಔಷಧಿ ಹೊಡೆಸಲು ಹೊಸನಗರಕ್ಕೆ ಹೋಗಿದ್ದೆ, ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್. ಆಫೀಸಿನ ಹುಡುಗ ಫೋನ್ ಮಾಡಿದ.

“ಅಣ್ಣ, ಎಣಿಸಿದೆ. ಐದೇ ಇದೆ. ಕೊಡ್ಲಾ?”

“ಕೊಡು ಮಾರಾಯ” ಅಂದೆ.