ಕ್ಯಾಡ್ಮಿಯಂ ಒಳಗೆ ಬಿಡದ ಭತ್ತ ಮಾಡುವುದು ಹೇಗೆ?

ಭತ್ತವೂ ಒಂದು ಹುಲ್ಲೇ. ಮಣ್ಣಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಇದ್ದರೆ ಹೀರಿಕೊಂಡು ಅಕ್ಕಿಯವರೆಗೂ ತಲುಪಿಸಿಬಿಡುತ್ತದೆ. ತಾನು ಮಾತ್ರ ಏನೂ ಆಗದಂತೆ ಹಸಿರಾಗಿ ನಿಂತಿರುತ್ತದೆ. ಜಪಾನಿನ ಜಿನ್‌ಜು ನದಿ ಬಯಲಿನಲ್ಲಿ ಆಗಿದ್ದು ಇದೇ. ಕಾಮಿಯೋಕಾ ಗಣಿಯ ಹೊಲಸು ನದಿಯಲ್ಲಿ ಹರಿದು ಗದ್ದೆಗೆ ಬಂತು. ಆ ಅಕ್ಕಿ ಉಂಡವರ, ಅದರಲ್ಲೂ ಹೆಂಗಸರ ಮೂಳೆಗಳು ಮುರಿಯತೊಡಗಿದವು. ಕಾಯಿಲೆಗೆ ‘ಇತಾಯ್ ಇತಾಯ್’ ಎಂದೇ ಹೆಸರು ಬಿತ್ತು. ‘ನೋವು, ನೋವು’ ಎಂದರ್ಥ. ಕ್ಯಾಡ್ಮಿಯಂ ಕಾರಣ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ.

ಅಂಥ ಮಣ್ಣಲ್ಲೂ ಉಣ್ಣಬಹುದಾದ ಅಕ್ಕಿ ಬೆಳೆಯಲು ಅಲ್ಲಿನ ವಿಜ್ಞಾನಿಗಳು ಹಿಡಿದ ದಾರಿ ನೋಡಿ.

ಮೊದಲು, ಬಾಗಿಲು ಹುಡುಕಬೇಕು. ಬೇರಿಗೆ ಕ್ಯಾಡ್ಮಿಯಂ ಬೇಕಾಗಿಯೇ ಇಲ್ಲ. ಬೇಕಾಗಿರುವುದು ಮ್ಯಾಂಗನೀಸ್. ಅದಕ್ಕೆಂದು ನ್ರಾಂಪ್5 ಎಂಬ ಜೀನ್ ಬೇರಿನ ಕೋಶದಲ್ಲಿ ಪ್ರೋಟೀನಿನ ಬಾಗಿಲು ಕಟ್ಟುತ್ತದೆ. ಕ್ಯಾಡ್ಮಿಯಂ ಅದರಲ್ಲೇ ಸುಮ್ನೆ ನುಸುಳುತ್ತದೆ.

ಆಮೇಲೆ ಉಗ್ರಾಣ. ಒಳಗೆ ಬಂದದ್ದನ್ನು ಎಚ್‌ಎಂಎ3 ಎಂಬ ಜೀನಿನ ಪಂಪು ಬೇರಿನ ಕೋಶದೊಳಗಿನ ಚೀಲಕ್ಕೆ ತಳ್ಳಿ ಕೂಡಿಹಾಕುತ್ತದೆ. ಗಿಡ ವಿಷ ತಡೆದುಕೊಳ್ಳುವುದು ಹೀಗೆ. ಅಂಜನಾ ಧಾನ್ ಎಂಬ ತಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಈ ಪಂಪು ಕೆಟ್ಟಿದೆ. ಹಾಗಾಗಿ ಕ್ಯಾಡ್ಮಿಯಂ ನೇರ ಮೇಲೇರುತ್ತದೆ.

ಇನ್ನು ಬಾಗಿಲು ಮುಚ್ಚುವ ಕೆಲಸ. ಕೋಶಿಹಿಕಾರಿ ಜಪಾನಿಗರ ಅಚ್ಚುಮೆಚ್ಚಿನ ತಳಿ. ಅದರ ಜೀನುಗಳಲ್ಲಿ ಅಲ್ಲಲ್ಲಿ ಬದಲಾವಣೆ ಆಗಲೆಂದು ಬೀಜಗಳಿಗೆ ಕಾರ್ಬನ್ ಅಯಾನುಗಳ ಕಿರಣ ಹಾಯಿಸಿದರು. ಹೊರಗಿನ ಜೀನ್ ಸೇರಿಸಲಿಲ್ಲ. ಮರುಪೀಳಿಗೆಯ ಸಾವಿರಾರು ಗಿಡಗಳನ್ನು ಕ್ಯಾಡ್ಮಿಯಂ ಮಣ್ಣಲ್ಲೇ ಬೆಳೆಸಿ ಕಾಳು ಪರೀಕ್ಷಿಸಿದಾಗ ಮೂರರಲ್ಲಿ ಅದು ಇಲ್ಲವೇನೋ ಎಂಬಷ್ಟು ಕಡಿಮೆ. 2012ರಲ್ಲಿ ಇದು ಪ್ರಕಟವಾಯಿತು. ಒಂದರಲ್ಲಿ ನ್ರಾಂಪ್5 ಜೀನಿನ ಒಂದೇ ಅಕ್ಷರ ಬಿದ್ದುಹೋಗಿತ್ತು, ಅಷ್ಟೇ!

ಒಂದಕ್ಷರಕ್ಕೆ ಅಷ್ಟು ಶಕ್ತಿಯಾ? ಒಂದನೇ ಕ್ಲಾಸಿನ ಪಾಠ ನೆನಪಿಸಿಕೊಳ್ಳಿ: ಕಮಲ, ಬಸವ, ಸರಳ. ಜೀನನ್ನೂ ಕೋಶ ಹೀಗೇ ಮೂರು ಮೂರು ಅಕ್ಷರವಾಗಿ ಓದುತ್ತದೆ. ‘ಮ’ ತೆಗೆದುಬಿಡಿ: ಕಲಬ, ಸವಸ, ರಳ. ಅಲ್ಲಿಂದ ಮುಂದೆ ಎಲ್ಲವೂ ತೊದಲು. ಬಾಗಿಲು ಕಟ್ಟಲು ಆಗುವುದೇ ಇಲ್ಲ.

ಮ್ಯಾಂಗನೀಸೂ ಕಡಿಮೆಯಾಗುತ್ತದೆ ಅಲ್ವಾ? ಆಗುತ್ತದೆ. ಇಳುವರಿಗೆ ಅಂಥ ಹೊಡೆತ ಕಾಣಲಿಲ್ಲ, ಆದರೆ ಕಂದು ಚುಕ್ಕೆ ರೋಗ ಸ್ವಲ್ಪ ಬೇಗ ತಗಲುತ್ತದೆ.

ಕೊನೆಗೆ ನೀರು. ತೆನೆ ಬರುವ ಹೊತ್ತಲ್ಲಿ ಗದ್ದೆಗೆ ನೀರು ಕಟ್ಟಿದರೆ ಕ್ಯಾಡ್ಮಿಯಂ ಮಣ್ಣಲ್ಲೇ ಉಳಿಯುತ್ತದೆ, ಆದರೆ ಆರ್ಸೆನಿಕ್ ಎಂಬ ಇನ್ನೊಂದು ವಿಷ ಮಣ್ಣಿಂದ ಬಿಡಿಸಿಕೊಂಡು ಅಕ್ಕಿಗೆ ಬರುತ್ತದೆ. ನೀರು ಬಸಿದರೆ ಇದರ ಉಲ್ಟಾ. ಹೊಸ ತಳಿಗೆ ಕ್ಯಾಡ್ಮಿಯಂ ಭಯ ಇಲ್ಲದ್ದರಿಂದ ಧೈರ್ಯವಾಗಿ ಬಸಿಯಬಹುದು. ನನಗೆ ಜಾಸ್ತಿ ಇಷ್ಟವಾದದ್ದು ಈ ಲಾಭವೇ.

ಮಣ್ಣನ್ನೇ ತೊಳೆಯಬೇಕಿದ್ದರೆ ಜಾಸ್ತಿ ಹೀರುವ ತಳಿ ಹಾಕಬೇಕು. ಚೋಕೋಕೊಕು ಎಂಬ ಭತ್ತವನ್ನು ನೀರು ಬಸಿದ ಗದ್ದೆಯಲ್ಲಿ ಎರಡು ವರ್ಷ ಬೆಳೆದಾಗ ಮಣ್ಣಿನ ಕ್ಯಾಡ್ಮಿಯಂ ಶೇ 38ರಷ್ಟು ಇಳಿಯಿತು. ಕೊಯ್ದ ಹುಲ್ಲನ್ನು ಮಾತ್ರ ದನಕ್ಕೆ ಹಾಕುವಂತಿಲ್ಲ, ಗದ್ದೆಯಲ್ಲಿ ಬಿಡುವಂತೆಯೂ ಇಲ್ಲ.